ಅತ್ತೆ ಒಪ್ಪಿದ ಹೊಳೆ

ಸಿಂಗಪುರದ ಅತಿ ಉದ್ದದ ನದಿ ಕಲ್ಲಾಂಗ್. ಉದ್ದ ಸುಮಾರು 10 ಕಿಲೋಮೀಟರ್. ಅಲ್ಲೇ ನೆಲೆಸಿರುವ ನನ್ನ ಮಗಳು ಹೆಮ್ಮೆಯಿಂದ ಇದನ್ನು ಹೇಳಿದಾಗ, ಮಂಡ್ಯದ ವಿ.ಸಿ. ನಾಲೆ ಏರಿಯ ಮೇಲೆ ಆಡಿ ಬೆಳೆದ ನಮ್ಮತ್ತೆ, “ನದಿಯೋ, ತೂಬೋ?” ಎಂದು ಕೇಳಿದರು.

ಆದರೂ ನೋಡಲು ಹೊರಟರು. ಅವರು ಹೊರಟರೆಂದರೆ ಗಾಲಿಕುರ್ಚಿ ಹೊರಟಿತು, ಕುರ್ಚಿ ಹೊರಟಿತೆಂದರೆ ಹಿಂದೆ ನಾನು. ನಮ್ಮ ಕಡೆ ಗಾಲಿಕುರ್ಚಿಗೂ ಪಲ್ಲಕ್ಕಿಗೂ ಹೆಚ್ಚು ವ್ಯತ್ಯಾಸವಿಲ್ಲ. ಎರಡನ್ನೂ ನಾಲ್ಕು ಜನ ಹೊರಬೇಕು. ಬ್ಯಾಂಕಿಗೆ ಹೋಗಿ, ಛತ್ರಕ್ಕೆ ಹೋಗಿ, ರ‍್ಯಾಂಪ್ ಇದ್ದೇ ಇರುತ್ತದೆ. ಅದು ಶುರುವಾಗುವ ಮೊದಲು ಒಂದು ಮೆಟ್ಟಿಲೂ ಇರುತ್ತದೆ. ಮೆಟ್ಟಿಲಿಲ್ಲದ ಕಡೆ ಅಡ್ಡಲಾಗಿ ಸ್ಕೂಟರ್ ನಿಂತಿರುತ್ತದೆ.

ಇಲ್ಲಿ ಬಸ್ಸಿನ ಡ್ರೈವರ್ ತಾನೇ ಇಳಿದುಬಂದು, ಬಾಗಿಲ ಬಳಿ ಮಡಚಿಟ್ಟಿದ್ದ ಹಲಗೆಯನ್ನು ಎತ್ತಿ ಫುಟ್‌ಪಾತಿನ ಮೇಲೆ ಹಾಸಿದ. ಬಸ್ಸಿನೊಳಗೆ ಒಬ್ಬರೂ ಗೊಣಗಲಿಲ್ಲ. ಅತ್ತೆ ಅವನಿಗೆ ಅಚ್ಚ ಕನ್ನಡದಲ್ಲಿ “ಚೆನ್ನಾಗಿರಪ್ಪ, ಪುಣ್ಯಾತ್ಮ” ಎಂದರು. ಅವನಿಗೆ ಅರ್ಥವಾದಂತೆಯೇ ಕಂಡಿತು.

ನಾವು ಇಳಿದದ್ದು ಕಲ್ಲಾಂಗ್ ಹರಿಯುವ ಬಿಷಾನ್–ಆಂಗ್ ಮೋ ಕಿಯೊ ಉದ್ಯಾನದಲ್ಲಿ. ಅದು 62 ಹೆಕ್ಟೇರ್ ದೊಡ್ಡದು. ಸುತ್ತ ಬಹುಮಹಡಿ ಮನೆಗಳು, ನಡುವೆ ಹೊಳೆ, ಪಕ್ಕದಲ್ಲಿ ಒಂದು ಕುಲುಕೂ ಇಲ್ಲದ ಹಾದಿ. ನೀರು ತೆಳ್ಳಗೆ ಕಲ್ಲುಗಳ ಮೇಲೆ ಹರಿಯುತ್ತಿತ್ತು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ ತೀರ್ಪು ಕೊಟ್ಟರು: “ಇದು ನಾಲೆ ಕಣ್ರೀ, ಅಳಿಯಂದ್ರೇ.”

ಮಗಳಿಗೆ ಸಿಟ್ಟು ಬಂತು. ಆದರೆ ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯವಿತ್ತು. ಇಲ್ಲಿ ಮೊದಲಿದ್ದದ್ದು 2.7 ಕಿ.ಮೀ. ಉದ್ದದ, ಸೀದಾ ಸಾದಾ ಕಾಂಕ್ರೀಟ್ ಕಾಲುವೆಯೇ. ಅದನ್ನು ಒಡೆದು, ಗಿಡ, ಬೇರು, ಕಲ್ಲುಗಳಿಂದ ದಂಡೆ ಕಟ್ಟಿ, 2012ರ ಹೊತ್ತಿಗೆ 3.2 ಕಿ.ಮೀ. ಅಂಕುಡೊಂಕಾದ ಹೊಳೆ ಮಾಡಿದರು. ಒಡೆದ ಕಾಂಕ್ರೀಟನ್ನೂ ಬಿಸಾಡದೆ ಉದ್ಯಾನದಲ್ಲೇ ಒಂದು ದಿಬ್ಬ ಮಾಡಿಟ್ಟಿದ್ದಾರೆ. ನಾವು ಹೊಳೆಯನ್ನು ರಾಜಕಾಲುವೆ ಮಾಡಿ ಮೇಲೆ ಚಪ್ಪಡಿ ಹಾಕುತ್ತೇವೆ. ಇವರು ಕಾಲುವೆಗೆ ಸುತ್ತಾಡುವ ಚಟ ಕಲಿಸಿದ್ದಾರೆ. ಜೋರು ಮಳೆ ಬಂದರೆ ಸೈರನ್ ಕೂಗಿ, ದೀಪ ಮಿನುಗಿಸಿ ಜನರನ್ನು ಮೇಲೆ ಕಳಿಸುತ್ತಾರೆ. ಆಮೇಲೆ ದಂಡೆಯ ಹುಲ್ಲುಹಾಸೆಲ್ಲ ಹೊಳೆಯದೇ.

ಅಷ್ಟರಲ್ಲಿ ನೀರುನಾಯಿಗಳ ಸಂಸಾರವೊಂದು ಬಂತು. ಓಡುತ್ತಿದ್ದವರೆಲ್ಲ ನಿಂತು ಮೊಬೈಲ್ ಎತ್ತಿದರು. ಒಂದು ನೀರುನಾಯಿ ಮೀನನ್ನು ಮುಂಗಾಲುಗಳಲ್ಲಿ ಒತ್ತಿಹಿಡಿದು, ಚಕ್ಕುಲಿ ಕಡಿಯುವ ಸದ್ದು ಮಾಡುತ್ತಾ ತಿಂದಿತು. ಮೀಸೆಯಲ್ಲಿ ಹುರುಪೆ ಮಿಂಚುತ್ತಿತ್ತು. ನಮ್ಮ ಕಾವೇರಿ, ತುಂಗಭದ್ರೆಗಳಲ್ಲಿರುವುದೂ ಇದೇ ಜಾತಿ. ತುಂಗಭದ್ರೆಯಲ್ಲಿ 34 ಕಿ.ಮೀ. ಹರಿವನ್ನು 2015ರಲ್ಲಿ ಇವುಗಳಿಗೆಂದೇ ಸಂರಕ್ಷಿತ ಪ್ರದೇಶ ಎಂದು ಘೋಷಿಸಲಾಗಿದೆ. ಆದರೆ ಅವನ್ನು ನೋಡಲು ಅತ್ತೆಯನ್ನು ಕಂಪ್ಲಿಯ ಬಂಡೆಗಳ ಮೇಲೆ ಹೊತ್ತೊಯ್ಯುವುದು ನನ್ನ ಬೆನ್ನಿಗೆ ಆಗದ ಮಾತು.

“ಎಂಥಾ ಮೀನು! ಸಾರಿಗೆ ಹೇಳಿ ಮಾಡಿಸಿದ್ದು” ಎಂದು ಅತ್ತೆ ನಿಟ್ಟುಸಿರಿಟ್ಟರು. “ಇಲ್ಲಿ ನಾವು ಹಿಡಿದರೆ ದಂಡ, ಅಜ್ಜಿ” ಎಂದಳು ಮಗಳು. “ಸರಿ, ಮೀನಿದೆ ಅಂದ್ಮೇಲೆ ಹೊಳೇನೇ” ಎಂದು ಅತ್ತೆ ತೀರ್ಪು ಬದಲಿಸಿದರು.

ಮಕ್ಕಳನ್ನು ನೋಡಲು ಸಿಂಗಪುರಕ್ಕೆ ಹೋಗುವವರು ಹಿರಿಯರನ್ನು ಫ್ಲಾಟಿನಲ್ಲಿ ಟಿವಿ ಮುಂದೆ ಕೂರಿಸಿ ತಿರುಗಾಡಲು ಹೋಗಬೇಡಿ, ಇಲ್ಲಿಗೆ ಕರೆದುಕೊಂಡು ಬನ್ನಿ. ಬಿಸಿಲೇರುವ ಮೊದಲು ಹೊರಡಿ. ಕೂತವರಿಗಲ್ಲ, ತಳ್ಳುವವರಿಗೆ ನೀರಿನ ಬಾಟಲಿ ಇರಲಿ. ಟಿಕೆಟ್ ಇಲ್ಲ.