ಬಾಯಮ್ಮನ ಅರಿಷ್ಟ

ಡಿಸೆಂಬರ್ ಹುಟ್ಟಿತೆಂದರೆ ನನಗೆ ಸರ್ವಧರ್ಮ ಸಮನ್ವಯದ ಮೇಲೆ ಎಲ್ಲಿಲ್ಲದ ನಂಬಿಕೆ ಬಂದುಬಿಡುತ್ತದೆ. ವರ್ಷವಿಡೀ ಫೋನೂ ಮಾಡದೆ ಬಿಟ್ಟ ಕ್ರೈಸ್ತ ಮಿತ್ರರೆಲ್ಲ ಒಬ್ಬೊಬ್ಬರಾಗಿ ನೆನಪಾಗುತ್ತಾರೆ. ಹಿರಿಯರ ಆರೋಗ್ಯ, ಮಕ್ಕಳ ಓದು, ನಾಯಿಯ ಕಾಲುನೋವು ಎಲ್ಲ ವಿಚಾರಿಸಿ, ಇನ್ನೇನು ಫೋನ್ ಇಡಬೇಕು ಅನ್ನುವಾಗ, "ಅಂದಹಾಗೆ, ಈ ಸಲ ದ್ರಾಕ್ಷಿ ಹಾಕಿದ್ದೀರಾ?" ಎನ್ನುತ್ತೇನೆ. ಆಚೆ ಕಡೆಯಿಂದ ಒಂದು ಸಣ್ಣ ನಗು ಕೇಳಿಸುತ್ತದೆ. ನಾಯಿಯ ಕಾಲಿನ ಮೇಲೆ ಇವನಿಗೇಕೆ ಇಷ್ಟು ಕಾಳಜಿ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ.

ನಾನು ಕುಡುಕನಲ್ಲ. ಕುಡುಕರೂ ಹೀಗೇ ಹೇಳುತ್ತಾರೆಂದು ಗೊತ್ತು, ಆದರೂ ಹೇಳುತ್ತೇನೆ. ಎರಡು ಉದ್ಧರಣೆ ವೈನು ಒಳಗೆ ಹೋದರೆ ನನ್ನ ಕಿವಿ ಬಿಸಿಯಾಗುತ್ತದೆ; ಮೂರನೆಯದಕ್ಕೆ ಬ್ಯಾಂಕಿನ ಹಳೆಯ ಬಡ್ಡಿದರಗಳನ್ನು ಹೇಳಲು ಶುರುಮಾಡುತ್ತೇನೆ. ನಾಲ್ಕನೆಯದನ್ನು ಈವರೆಗೆ ಯಾರೂ ಕೊಟ್ಟಿಲ್ಲ.

ಕುಡಿಯುವ ಶಕ್ತಿ ಇಲ್ಲದವನಿಗೆ ಓದುವ ಚಟ. ಲೋಕದ ಕ್ರಿಸ್‌ಮಸ್ ಪಾನೀಯಗಳೆಲ್ಲ ನನಗೆ ಬಾಯಿಪಾಠ. ಜರ್ಮನರು ಕೆಂಪು ವೈನಿಗೆ ಚಕ್ಕೆ, ಲವಂಗ, ಕಿತ್ತಳೆ ಹಾಕಿ ಬಿಸಿ ಮಾಡಿ, ಗ್ಲೂವೈನ್ ಎಂದು ಚಳಿಯ ಸಂತೆಯಲ್ಲಿ ನಿಂತು ಕುಡಿಯುತ್ತಾರೆ. ಸ್ವೀಡನ್ನಿನವರ ಗ್ಲಾಗ್‌ನಲ್ಲಿ ಏಲಕ್ಕಿಯೂ ಇದೆ, ಬಟ್ಟಲಿನ ತಳದಲ್ಲಿ ಒಣದ್ರಾಕ್ಷಿ ಬಾದಾಮಿಯೂ ಇದೆ. ಹಾಲೊಂದು ಸೇರಿಸಿದರೆ ನಮ್ಮ ಅಡುಗೆ ಭಟ್ಟರು ಪಾಯಸವೆಂದು ಬಡಿಸಿಬಿಡುತ್ತಾರೆ. ಜಮೈಕಾದವರು ನಮ್ಮ ಪುಂಡಿಯ ಬಳಗದ ಗಿಡದ ಕೆಂಪು ಪುಷ್ಪಪಾತ್ರೆಯನ್ನು ಶುಂಠಿಯ ಜೊತೆ ನೆನೆಹಾಕಿ, ಸೋಸಿ, ಮೇಲಿಷ್ಟು ರಮ್ಮು ಸುರಿದು ಹಬ್ಬ ಮಾಡುತ್ತಾರೆ. ರೊಟ್ಟಿಯ ಜೊತೆ ಪುಂಡಿಪಲ್ಯ ತಿಂದು ತೃಪ್ತರಾಗುವ ರಾಯಚೂರಿನವರಿಗೆ ಈ ಸುದ್ದಿಯನ್ನು ಯಾರೂ ಮುಟ್ಟಿಸಿದಂತಿಲ್ಲ. ಡಿಕನ್ಸನ 'ಎ ಕ್ರಿಸ್‌ಮಸ್ ಕೆರೊಲ್' (1843) ಮುಗಿಯುವಾಗ ಜಿಪುಣ ಸ್ಕ್ರೂಜ್ ತನ್ನ ಗುಮಾಸ್ತನನ್ನು ಕೂರಿಸಿಕೊಂಡು, ಸುಟ್ಟ ಕಿತ್ತಳೆ ಹಾಕಿದ ಬಿಸಿ ಬಿಸಿ 'ಸ್ಮೋಕಿಂಗ್ ಬಿಷಪ್' ಕುಡಿಸುವ ಮಾತಾಡುತ್ತಾನೆ. ನನ್ನ ಇಡೀ ಸರ್ವೀಸಿನಲ್ಲಿ ಯಾವ ಮ್ಯಾನೇಜರನೂ ಅಷ್ಟು ಸುಧಾರಿಸಲಿಲ್ಲ. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಂತೂ 1826ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಹುಡುಗರು ಎಗ್‌ನಾಗ್‌ಗೆ ಬೆರೆಸಲು ಕದ್ದು ವಿಸ್ಕಿ ತಂದು, ಬೆಳಗಾಗುವುದರೊಳಗೆ ಕಿಟಕಿ ಮೇಜು ಮುರಿದು ದಂಗೆಯನ್ನೇ ಎಬ್ಬಿಸಿದರು. ಕೋರ್ಟ್ ಮಾರ್ಷಲ್ ಆಯಿತು. ಹಾಲು, ಸಕ್ಕರೆ, ಮೊಟ್ಟೆ ಸೇರಿ ಇಷ್ಟೆಲ್ಲ ಮಾಡಬಲ್ಲವೆಂದು ತಿಳಿದ ಮೇಲೆ ನಮ್ಮ ಮನೆಯಲ್ಲಿ ಮೊಟ್ಟೆ ನಿಷೇಧಿಸಿದ ಪೂರ್ವಜರ ಬಗ್ಗೆ ಗೌರವ ಹೆಚ್ಚಾಯಿತು.

ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳ ಜಿಂಜರ್ ವೈನನ್ನು ಒಮ್ಮೆ ಅಮ್ಮನಿಗೇ ಕುಡಿಸಿದ್ದೆ. ಅದು ಹೆಸರಿಗಷ್ಟೇ ವೈನು. ಶುಂಠಿ, ಸಕ್ಕರೆ, ನಿಂಬೆ, ಚಕ್ಕೆ, ಲವಂಗ, ಕೆಲವರ ಕೈಯಲ್ಲಿ ಒಂದೆರಡು ಒಣಮೆಣಸಿನಕಾಯಿ. ಅಮ್ಮ ಗುಟುಕರಿಸಿ, "ಇದನ್ನ ಅವರು ಹಬ್ಬಕ್ಕೆ ಕುಡೀತಾರಾ? ನಾವು ನೆಗಡಿಗೆ ಕುಡೀತೀವಿ" ಅಂದರು. ಆ ಅಧ್ಯಾಯ ಅಲ್ಲಿಗೆ ಮುಗಿಯಿತು.

ಇವೆಲ್ಲದರ ಮೇಲೆ ನನಗೆ ಮನಸ್ಸು ನಿಲ್ಲದಿರಲು ಕಾರಣ ಬಾಯಮ್ಮ. ಮಂಗಳೂರಿಗೆ ವರ್ಗವಾದಾಗ ಬೆಂದೂರಿನಲ್ಲಿ ಅವರ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದೆ. ನನ್ನ ಹೆಸರಿನ ಹಿಂದೆ ಮುಂದೆ ಎಲ್ಲೂ ಭಟ್ಟ ಇಲ್ಲ. ಆದರೂ ಅವರಿಗೆ ನಾನು ಮೊದಲ ದಿನದಿಂದ "ಭಟ್ರೇ". ನವೆಂಬರ್ ಕೊನೆಗೆ ಅವರ ಅಡುಗೆಮನೆಯ ಮೂಲೆಯಲ್ಲಿ ನನ್ನ ಸೊಂಟದೆತ್ತರದ ಭರಣಿ ಬಂದು ಕೂರುತ್ತಿತ್ತು. ಕಪ್ಪು ದ್ರಾಕ್ಷಿ, ಹೆಚ್ಚುಕಡಿಮೆ ಅಷ್ಟೇ ತೂಕದ ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಒಂದಿಷ್ಟು ಯೀಸ್ಟು, ಚಕ್ಕೆ ಲವಂಗ. ಬಾಯಿಗೆ ಬಟ್ಟೆ ಕಟ್ಟಿ, ದಿನಾ ಒಂದೇ ಹೊತ್ತಿಗೆ ಮರದ ಸೌಟಿನಲ್ಲಿ ತಿರುವಿ, ಇಪ್ಪತ್ತೊಂದು ದಿನ ಕಾಯುವುದು. ಆಮೇಲೆ ಸೋಸಿ, ಸಕ್ಕರೆ ಕರಟಿಸಿ ಬಣ್ಣಕ್ಕೆ ಬೆರೆಸುವುದು. ದ್ರಾಕ್ಷಿ ಮಾತ್ರ ನಮ್ಮ ಕಡೆಯದು: ಚಿಕ್ಕಬಳ್ಳಾಪುರ, ದೇವನಹಳ್ಳಿ ಸುತ್ತಿನ 'ಬೆಂಗಳೂರು ನೀಲಿ'. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆ ದ್ರಾಕ್ಷಿ ಘಟ್ಟ ಇಳಿದು ಹೋಗುವಾಗ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ವಾಪಸು ಹತ್ತುವಾಗ ಕೊಟ್ಟಿತು.

ನನಗೆ ಮತ್ತೆ ಬೆಂಗಳೂರಿಗೆ ವರ್ಗವಾದ ವರ್ಷ ದ್ರಾಕ್ಷಿ ತಡವಾಗಿ ಸಿಕ್ಕಿತು. ನಾನು ಹೊರಡುವ ದಿನಕ್ಕೆ ಭರಣಿಗೆ ಹದಿನಾರನೇ ದಿನ. "ಇದು ಇನ್ನೂ ಆಗಲಿಲ್ಲ ಭಟ್ರೇ, ಒಳಗೆ ಜೀವ ಉಂಟು" ಎಂದರು ಬಾಯಮ್ಮ. ನಾನು ಭರಣಿಯನ್ನೇ ನೋಡುತ್ತ ನಿಂತೆ. ಅವರು ನಿಟ್ಟುಸಿರು ಬಿಟ್ಟು, ತೀರಿಹೋದ ಗಂಡನ ಕಾಲದ ಒಂದು ವಿಸ್ಕಿ ಬಾಟಲಿ ಹುಡುಕಿ ತೊಳೆದು, ತುಂಬಿಸಿ, ಬೈರಾಸೆಂಬ ಟವೆಲ್ಲಿನಲ್ಲಿ ಸುತ್ತಿ ಕೈಗಿಟ್ಟರು. "ಮುಚ್ಚಳ ಬಿಗಿ ಮಾಡಬೇಡಿ ಆಯ್ತಾ? ಕುಲುಕಬೇಡಿ. ಎಂತ ಅವಸರವೋ ನಿಮಗೆ." ಕ್ರಿಸ್‌ಮಸ್ ತಿಂಡಿ ಕುಸ್ವಾರಿನ ಡಬ್ಬಿ ಬೇರೆ ಕೊಟ್ಟರು. ಅದರಲ್ಲಿ ನೆವ್ರಿ, ಕಿಡಿಯೋ, ಗುಳಿಯೋ ಎಲ್ಲ ಇದ್ದವು. ಅವು ಯಾವ ಗಲಾಟೆಯೂ ಮಾಡದೆ ಬೆಂಗಳೂರು ತಲುಪಿದ್ದರಿಂದ ಅವುಗಳ ಕಥೆ ಇಲ್ಲಿ ಬೇಡ.

ಒಳಗೆ ಜೀವ ಉಂಟು ಎಂದರೆ ಏನೆಂದು ಅಂದು ನಾನು ಯೋಚಿಸಿರಲಿಲ್ಲ. ಯೀಸ್ಟು ಸಕ್ಕರೆಯನ್ನು ತಿಂದು ಹೆಚ್ಚುಕಡಿಮೆ ಅರ್ಧ ಆಲ್ಕೋಹಾಲು, ಅರ್ಧ ಇಂಗಾಲದ ಡೈಆಕ್ಸೈಡು ಮಾಡುತ್ತದೆ. ಬರೀ 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಹೊರಡುವ ಅನಿಲ 25 ಲೀಟರಿಗೂ ಹೆಚ್ಚು. ನನ್ನ ಬಾಟಲಿ ಮುಕ್ಕಾಲು ಲೀಟರಿನದು. ಇದರ ಮೇಲೆ ಮಂಗಳೂರು ಸಮುದ್ರಮಟ್ಟದಲ್ಲಿದೆ, ಸಕಲೇಶಪುರ ಒಂಬೈನೂರು ಚಿಲ್ಲರೆ ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಹತ್ತನೇ ಒಂದು ಪಾಲಿನಷ್ಟು ಇಳಿಯುತ್ತದೆ, ಒಳಗಿನದಕ್ಕೆ ಹೊರಬರುವ ಹುಮ್ಮಸ್ಸು ಏರುತ್ತದೆ. ನಡುವೆ ಶಿರಾಡಿಯ ತಿರುವುಗಳು. ಅಲ್ಲಿನ ರಸ್ತೆಯ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ. ಕುಲುಕಬೇಡಿ ಎಂದಿದ್ದರು ಬಾಯಮ್ಮ.

ರಾತ್ರಿ ಬಸ್ಸು ಹತ್ತಿದೆ. ಉಪ್ಪಿನಂಗಡಿಯವರೆಗೆ ಬಾಟಲಿ ನಿದ್ದೆಯಲ್ಲಿತ್ತು. ನೆಲ್ಯಾಡಿ ದಾಟಿದ ಮೇಲೆ ತೊಡೆಯ ಮೇಲಿನ ಬೈರಾಸಿನೊಳಗಿಂದ 'ಸುಂಯ್' ಎಂದು ಸಣ್ಣ ಸದ್ದು. ಮುಚ್ಚಳ ಸ್ವಲ್ಪ ಸಡಿಲಿಸಿದೆ; 'ಪುಸ್ಸ್' ಎಂದು ಉಸಿರುಬಿಟ್ಟು ಸುಮ್ಮನಾಯಿತು. ಚೆಲ್ಲೀತೆಂದು ಮತ್ತೆ ತಿರುಗಿಸಿದೆ. ಗುಂಡ್ಯದಲ್ಲಿ ಮತ್ತೆ ಸುಂಯ್. ಮತ್ತೆ ಸಡಿಲಿಸಿ, ಎದೆಗಾನಿಸಿ, ಮೆಲ್ಲಗೆ "ಶ್ಶ್... ಶ್ಶ್..." ಎಂದೆ. ಬಾಟಲಿಗೆ ಹಾಗೇಕೆ ಹೇಳಿದೆನೋ ನನಗೂ ತಿಳಿಯದು.

ನಡುದಾರಿಯ ಆಚೆ ಸೀಟಿನಲ್ಲಿ ಹಾಸನದ ಕಡೆಯ ಒಬ್ಬ ಅಜ್ಜಿ. ಕಿಟಕಿಯ ಪಕ್ಕ ಅವರ ಮಗಳು, ಮಗಳ ಮಡಿಲಲ್ಲಿ ಹಸುಗೂಸು. ಬಸ್ಸಿನೊಳಗೆ ನೀಲಿ ದೀಪ ಮಾತ್ರ. ಅಜ್ಜಿ ಬಹಳ ಹೊತ್ತಿನಿಂದ ನನ್ನನ್ನೇ ನೋಡುತ್ತಿದ್ದವರು ಈ ಕಡೆ ಬಾಗಿದರು.

"ಹೊಟ್ಟೆ ಉಬ್ಬರ ಆಗೈತೆ ಕಣಪ್ಪ."

ನನ್ನದೇ ಹೊಟ್ಟೆ ಎಂದುಕೊಂಡು ಎಳೆದುಕೊಂಡೆ. "ಇಲ್ಲಮ್ಮ, ಸರಿಯಾಗಿದೆ."

"ಎಲ್ಲಿ ಸರಿಯಾಗೈತೆ? ಆಗ್ಲಿಂದ ಸುಂಯ್‌ಗುಟ್ತೈತೆ. ಎಷ್ಟು ತಿಂಗ್ಳು?"

ಇಲ್ಲಿ ನಾನು ನಕ್ಕು, ಬೈರಾಸು ಬಿಚ್ಚಿ ತೋರಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಬಿಚ್ಚಿದರೆ ಮೊದಲು ಕಾಣುವುದು ವಿಸ್ಕಿಯ ಲೇಬಲ್ಲು. ಬಾಯಿಂದ ಸತ್ಯವೇ ಹೊರಬಿತ್ತು: "ತಿಂಗಳಾಗಿಲ್ಲ. ಹದಿನಾರು ದಿನ."

"ಹದಿನಾರು ದಿನದ್ದ ಘಟ್ಟ ಹತ್ತುಸ್ತಾ ಇದೀಯಾ! ಅದರವ್ವ ಎಲ್ಲಿ?"

"ಮಂಗಳೂರಲ್ಲೇ ಇದ್ದಾರೆ."

"ಹೆಂಗೆ ಕಳಿಸಿದ್ಲಪ್ಪ?"

"ಬೇಡ ಅಂದರು. ನಾನೇ ಕೇಳಲಿಲ್ಲ."

ಒಂದಕ್ಷರ ಸುಳ್ಳಿಲ್ಲ, ನೋಡಿ. ಅಜ್ಜಿಯ ಕಣ್ಣು ತುಂಬಿ ಬಂತು. ಮಗಳಿಗೆ ಪಿಸುಗುಟ್ಟಿದರು, ಮಗಳು ನನ್ನತ್ತ ನೋಡಿದ ನೋಟದಲ್ಲಿ ಕರುಣೆ ಎಷ್ಟು, ಅನುಮಾನ ಎಷ್ಟು ಎಂದು ಇವತ್ತಿಗೂ ಬಗೆಹರಿದಿಲ್ಲ. ಮುಂದಿನ ಸೀಟಿನವರೊಬ್ಬರು ತಿರುಗಿ, ಈ ಕಾಲದ ಹೆಂಗಸರ ಬಗ್ಗೆ ಒಂದು ಮಾತು ಆಡಿದರು. ನಾನು ಬಾಯಮ್ಮನ ಪರವಾಗಿ ಸಿಟ್ಟಾಗಿ, "ಅವರದೇನೂ ತಪ್ಪಿಲ್ಲ, ಅವರು ತುಂಬಾ ಒಳ್ಳೆಯವರು, ಅರವತ್ತೆಂಟು ವಯಸ್ಸು" ಎಂದೆ. ಮುಂದಿನ ಸೀಟು ತಟಕ್ಕನೆ ಮುಂದಕ್ಕೆ ತಿರುಗಿಕೊಂಡಿತು.

ಅಷ್ಟರಲ್ಲಿ ಘಟ್ಟ ಶುರುವಾಗಿತ್ತು. ತಿರುವಿಗೊಂದು ಸುಂಯ್, ಗುಂಡಿಗೊಂದು ಪುಸ್ಸ್. ಅಜ್ಜಿ ಆ ಕಡೆ ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿ ತೇಗಿಸುತ್ತ, "ಹಿಂಗೆ ತಟ್ಟಪ್ಪ, ಹಿಂಗೆ" ಎಂದು ನನಗೆ ಪಾಠ ಹೇಳಿದರು. ನಾನು ತಟ್ಟುವ ನಟನೆ ಮಾಡಿದೆ, ಬೆರಳು ತಾಕದ ಹಾಗೆ. ಅದು ಅವರಿಗೆ ತೃಪ್ತಿಯಾಗಲಿಲ್ಲ. ಮೊಮ್ಮಗುವನ್ನು ಮಗಳ ಕೈಗೆ ಕೊಟ್ಟು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಈ ಕಡೆ ಬಾಗಿ, ಆರು ಮಕ್ಕಳನ್ನು ಸಾಕಿದ ಅಂಗೈಯಿಂದ ಬೈರಾಸಿನ ಮೇಲೆ ದಬದಬನೆ ತಟ್ಟಿಬಿಟ್ಟರು.

ಬಾಟಲಿ ತೇಗಿತು. ಅದನ್ನು ತೇಗು ಎನ್ನುವುದು ಅಲ್ಪೋಕ್ತಿ. ಮುಚ್ಚಳ ಎಲ್ಲಿ ಹೋಯಿತೋ ಇವತ್ತಿನವರೆಗೆ ಸಿಕ್ಕಿಲ್ಲ. ಬೈರಾಸು ನೆಂದು, ನನ್ನ ಅಂಗಿ ನೆಂದು, ಪ್ಯಾಂಟು ನೆಂದು, ಬೆಚ್ಚಗೆ ಏನೋ ಕಾಲಗುಂಟ ಇಳಿಯತೊಡಗಿತು. ಅಜ್ಜಿ ಸಮಾಧಾನದಿಂದ, "ಉಚ್ಚೆ ಹೊಯ್ಕಂತು, ಇನ್ನು ಮಲಗುತ್ತೆ ಬಿಡು" ಎಂದರು. ಆಮೇಲೆ ವಾಸನೆ ಬಂತು. ಕಂಡಕ್ಟರು ಎದ್ದು ದೊಡ್ಡ ದೀಪ ಹಾಕಿದ. ನೆಂದ ಬೈರಾಸು ಜಾರಿ, ನನ್ನ ತೋಳಿನಲ್ಲಿ ಲೇಬಲ್ಲು ಸಮೇತ ವಿಸ್ಕಿ ಬಾಟಲಿ, ಬಾಯಲ್ಲಿ ನೇರಳೆ ನೊರೆ. ಇಡೀ ಬಸ್ಸು ಎದ್ದು ನೋಡಿತು. ನಾನು ಆಗಲೂ ಅದರ ಬಾಯಿಗೆ ಅಂಗೈ ಒತ್ತಿ ಹಿಡಿದು, ಉಳಿದದ್ದನ್ನು ಉಳಿಸುವ ಪ್ರಯತ್ನದಲ್ಲಿದ್ದೆ.

ಹಾಸನದವರೆಗೆ ಯಾರೂ ನನ್ನೊಡನೆ ಮಾತಾಡಲಿಲ್ಲ. ಇಳಿಯುವಾಗ ಅಜ್ಜಿ ಒಂದು ಕ್ಷಣ ನಿಂತು, ದನಿ ತಗ್ಗಿಸಿ, "ಮಂಡಿ ನೋವಿಗೆ ಒಳ್ಳೇದಂತೆ, ಹೌದಾ?" ಎಂದರು. ಅವರ ನೀರಿನ ಬಾಟಲಿಯ ಮುಚ್ಚಳಕ್ಕೆ ಎರಡು ಸಲ ಹಾಕಿಕೊಟ್ಟೆ. ಅವರು ಅದನ್ನು ಮಂಡಿಗೆ ಹಚ್ಚಿಕೊಳ್ಳಲಿಲ್ಲ.

ಬೆಂಗಳೂರು ತಲುಪುವಾಗ ಉಳಿದಿದ್ದು ಕಾಲು ಬಾಟಲಿ. ಅಮ್ಮ ಬಾಗಿಲಲ್ಲೇ ಮೂಗರಳಿಸಿ, "ದ್ರಾಕ್ಷಾರಿಷ್ಟ ಚೆಲ್ಲಿಕೊಂಡ್ಯೇನೋ?" ಎಂದರು. ಆ ಪ್ರಶ್ನೆಗೆ ನಾನು ಚಿರಋಣಿ. ಏಕೆಂದರೆ ಅದು ನಿಜ. ನಮ್ಮ ಆಯುರ್ವೇದದ ಆಸವ ಅರಿಷ್ಟಗಳೆಲ್ಲ ಹುದುಗಿಸಿದವೇ. ಬಾಯಮ್ಮ ಯೀಸ್ಟು ಹಾಕಿದರೆ ವೈದ್ಯರು ಧಾತಕಿ ಹೂವು ಹಾಕುತ್ತಾರೆ, ಸಕ್ಕರೆಯ ಜಾಗದಲ್ಲಿ ಬೆಲ್ಲ. 'ತಾನಾಗಿ ಹುಟ್ಟಿದ ಆಲ್ಕೋಹಾಲು' ಎಂದು ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತು ಭಾಗ. ನಮ್ಮ ಮನೆಯಲ್ಲಿ ಹೆತ್ತವರೆಲ್ಲ ಬಾಣಂತನದಲ್ಲಿ ದಶಮೂಲಾರಿಷ್ಟ ಕುಡಿದವರೇ. ಮಡಿಯುಟ್ಟ ನಮ್ಮಜ್ಜಿ ಅಂತೂ ಊಟವಾದ ಮೇಲೆ ಎರಡು ಚಮಚ ತಪ್ಪಿಸಿದವರಲ್ಲ. ಅಮ್ಮ ಖಾಲಿ ಅರಿಷ್ಟದ ಬಾಟಲಿ ತಂದು ಉಳಿದದ್ದನ್ನು ಅದಕ್ಕೆ ಸುರಿದು, ಔಷಧಿಯ ಗೂಡಿನಲ್ಲಿಟ್ಟರು. ಅಂದಿನಿಂದ ಅದು 'ಬಾಯಮ್ಮನ ಅರಿಷ್ಟ'. ಸಮ ನೀರು ಬೆರೆಸಿ, ಊಟವಾದ ಮೇಲೆ, ಇಬ್ಬರಿಗೂ.

ಇದನ್ನು ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ಮಹನೀಯರಿಗೆ ಹೇಳಬಾರದಿತ್ತು. ಕಳೆದ ಡಿಸೆಂಬರಿನಲ್ಲಿ ಕೆಳಮಹಡಿಯವರು ಹಂಚಿದ ಕೇಕನ್ನೂ ಒಂದೊಂದು ಬೆರಳುದ್ದ ವೈನನ್ನೂ ಅವರು ವಾಪಸು ಕಳಿಸಿ, "ಅವರ ಹಬ್ಬದ್ದು ನಮಗ್ಯಾಕೆ, ಅದರಲ್ಲೂ ಕುಡಿಯೋದು" ಎಂದು, ನಾನು ಅರಿಷ್ಟದ ಕಥೆ ಹೇಳಿದ ತಪ್ಪಿಗೆ, ಲಿಫ್ಟಿನಲ್ಲಿ ನನಗೆ ಸಂಸ್ಕೃತಿಯ ಪಾಠ ಹೇಳಿದರು. ಇವರ ಕಪಾಟಿನಲ್ಲಿ ವಿಮಾನ ನಿಲ್ದಾಣದಿಂದ ಬಂದ ಬಾಟಲಿಗಳು ವಯಸ್ಸಿನ ಪ್ರಕಾರ ಸಾಲಾಗಿ ನಿಂತಿರುವುದನ್ನು ನಾನು ಕಂಡಿದ್ದೇನೆ. ದುಡ್ಡು ಕೊಟ್ಟು ತಂದರೆ ಶೋಕಿ, ನೆರೆಯವರು ಕೈಯಾರೆ ಮಾಡಿ ಕೊಟ್ಟರೆ ಮೈಲಿಗೆ. ನನಗೆ ಸಿಟ್ಟು ಬಂದು ಎರಡು ಮಹಡಿ ಮೊದಲೇ ಇಳಿದು ಮೆಟ್ಟಿಲು ಹತ್ತಿದೆ. ಏದುಸಿರು ಬಂತು, ಸಿಟ್ಟು ಹೋಗಲಿಲ್ಲ.

ಬಾಯಮ್ಮನ ಮಕ್ಕಳೆಲ್ಲ ಈಗ ಹೊರಗಿದ್ದಾರೆ. ಒಬ್ಬ ದುಬೈ, ಇಬ್ಬರು ಕೆನಡಾ. ಹಬ್ಬಕ್ಕೆ ಬರುವುದು ರಜೆ ಸಿಕ್ಕರೆ. ಭರಣಿ ಮಾತ್ರ ಅದೇ, ಅಳತೆಯೂ ಅದೇ. ಸ್ವಲ್ಪ ಕಡಿಮೆ ಹಾಕಬಾರದಾ ಎಂದು ಒಮ್ಮೆ ಕೇಳಿದೆ. "ಕಡಿಮೆ ಮಾಡಿದರೆ ಭರಣಿ ಖಾಲಿ ಕಾಣ್ತದೆ ಭಟ್ರೇ" ಎಂದರು. ನನಗೆ ಉತ್ತರ ಹೊಳೆಯದೆ ನಾಯಿಯ ಕಾಲಿನ ವಿಚಾರ ತೆಗೆದೆ.

ಮೊನ್ನೆ ಮತ್ತೆ ಫೋನ್ ಮಾಡಿದ್ದೆ. ಈ ಸಲ ದ್ರಾಕ್ಷಿ ಬೇಗ ಸಿಕ್ಕಿದೆಯಂತೆ, ಇಪ್ಪತ್ತೊಂದು ದಿನ ತುಂಬಿಸಿಯೇ ಕೊಡುತ್ತಾರಂತೆ. "ಬಸ್ಸಿನ ಸಹವಾಸ ಬೇಡ ಮಾರಾಯ್ರೆ, ಹಗಲು ರೈಲಿನಲ್ಲಿ ಹೋಗಿ" ಎಂದು ಅಪ್ಪಣೆ ಮಾಡಿದ್ದಾರೆ. ರೈಲೂ ಅದೇ ಘಟ್ಟವನ್ನು ಹತ್ತಬೇಕೆಂದು ನಾನು ಹೇಳಲಿಲ್ಲ. ಆದರೆ ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗೆ 57 ಸುರಂಗಗಳಿವೆ. ಬಾಟಲಿ ತೇಗುವುದಿದ್ದರೆ ಅದರೊಳಗೇ ತೇಗಲಿ. ಲೇಬಲ್ಲನ್ನು ಈ ಸಲ ಮೊದಲೇ ಕಿತ್ತಿಡಲು ಹೇಳಿದ್ದೇನೆ.