ಒಂದು ದೀರ್ಘದ ಸಲುವಾಗಿ

ಮುಕ್ತ ತಂತ್ರಾಂಶ ಲೋಕಕ್ಕೆ ನನ್ನ ಈವರೆಗಿನ ಕೊಡುಗೆ ಒಂದು ದೀರ್ಘ. ಕನ್ನಡದಲ್ಲಿ ಸಿಗುವ ಒಂದು ತಂತ್ರಾಂಶದಲ್ಲಿ ‘ಬೇಡ’ ಎನ್ನಬೇಕಾದ ಗುಂಡಿ ‘ಬೆಡ’ ಎನ್ನುತ್ತಿತ್ತು. ನನ್ನೊಳಗಿನ ಕನ್ನಡ ಮೇಷ್ಟ್ರು ಇಂಥದ್ದಕ್ಕೆಲ್ಲ ಸುಮ್ಮನಿರುವವರಲ್ಲ. ಅನುವಾದದ ಕಡತ ಬರೀ ಪಠ್ಯ, ತೆರೆದು ತಿದ್ದಿದೆ. ಆದರೆ ತಿದ್ದಿದ್ದನ್ನು ನಿಮ್ಮ ಕಂಪ್ಯೂಟರಿನಲ್ಲೇ ಬಿಲ್ಡ್ ಮಾಡಿ, ಕಣ್ಣಾರೆ ನೋಡಿ, ಆಮೇಲೆ ಪ್ಯಾಚ್ ಕಳಿಸಿ ಎಂಬುದು ಆ ತಂತ್ರಾಂಶದವರ ಕಟ್ಟಳೆ. ಬಿಲ್ಡ್ ಮಾಡುವುದು ಬಲು ಸರಳ ಎಂದು ಜೊತೆಗಿದ್ದ ರೀಡ್‌ಮಿ ಕಡತ ಧೈರ್ಯವನ್ನೂ ಹೇಳಿತ್ತು.

ಬಿಲ್ಡ್ ಮಾಡಲು ಸಿಮೇಕ್ ಎಂಬ ಸಲಕರಣೆ ಬೇಕು; ನನ್ನಲ್ಲಿದ್ದದ್ದು ತೀರಾ ಹಳತಾಯಿತು. ಹುಮ್ಮಸ್ಸಿನಲ್ಲಿ 4ನೇ ಆವೃತ್ತಿ ಹಾಕಿಕೊಂಡೆ. 3.5ನೇ ಆವೃತ್ತಿಗಿಂತ ಹಿಂದಿನ ಕಾಲದವರ ಜೊತೆ ಮಾತೇ ಇಲ್ಲ ಎಂದು ಅದು ಒಳಗಿದ್ದ ಲೈಬ್ರರಿಯೊಂದಕ್ಕೆ ಬೆನ್ನು ತಿರುಗಿಸಿತು. ಇನ್ನೊಂದು ಲೈಬ್ರರಿಗೆ ಮೆಸಾನ್ ಎಂಬ ಬೇರೆಯೇ ಸಲಕರಣೆ ಬೇಕು, ಮೆಸಾನಿಗೆ ಪೈಥಾನ್ ಬೇಕು, ನಿಂಜಾ ಬೇಕು. ಮತ್ತೊಂದರ ಕಾನ್ಫಿಗರ್ ಸ್ಕ್ರಿಪ್ಟು ಇಲ್ಲಿನ ಪರಿಸರಕ್ಕೆ ಬುದ್ಧಿ ನೆಟ್ಟಗಿದೆಯೇ ಎಂದು ಪರೀಕ್ಷಿಸಿತು. ಅದು ನೋಡುವುದು ಇಷ್ಟೇ: ಈಗ ಹುಟ್ಟಿಸಿದ ಕಡತದ ವೇಳೆ ಹಳೆಯ ಕಡತದ ವೇಳೆಗಿಂತ ಈಚಿನದೇ? ‘ಯೆಸ್’ ಎಂದು ಬಂತು. ನಡುರಾತ್ರಿ ನಮ್ಮ ಮನೆಯಲ್ಲಿ ಬುದ್ಧಿ ನೆಟ್ಟಗಿದೆ ಎಂಬ ಪ್ರಮಾಣಪತ್ರ ಸಿಕ್ಕಿದ್ದು ಗಡಿಯಾರಕ್ಕೆ ಮಾತ್ರ.

“ಬೇಡ ಅನ್ನೋದಕ್ಕೆ ಇಷ್ಟೊಂದು ಒದ್ದಾಟವೇನ್ರೀ?” ಎಂದಳು ಹೆಂಡತಿ. ಅವಳಿಗೇನು ಗೊತ್ತು! ಅಷ್ಟು ಹೊತ್ತಿಗೆ ನಾನು ದೀರ್ಘವನ್ನು ಮರೆತು, ಒಂದೊಂದು ಆವೃತ್ತಿಗೂ ಒಂದೊಂದು ಫೋಲ್ಡರು ಮಾಡಿ, ಹೆಸರಿಟ್ಟು, ಪರಮಸುಖದಲ್ಲಿದ್ದೆ.

ಆಗ ಎದುರಾದದ್ದು ಮೇಕ್ ಎಂಬ ಹಿರಿಯ ಬಿಲ್ಡ್ ಸಲಕರಣೆ. ಅದರ ಕಡತಕ್ಕೆ ಸಾಲೊಂದು ಸೇರಿಸಿ ಓಡಿಸಿದೆ. ‘ಮಿಸ್ಸಿಂಗ್ ಸೆಪರೇಟರ್’ ಎಂದು ನಿಂತಿತು. ಸಾಲನ್ನು ಹಿಗ್ಗಿಸಿ ನೋಡಿದೆ, ಕನ್ನಡಕ ಒರೆಸಿ ನೋಡಿದೆ, ಮೇಲಿನ ಸಾಲಿನ ಪಕ್ಕ ಸ್ಕೇಲು ಹಿಡಿದೂ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕೊನೆಗೆ ಸಂದೇಶದ ಬಾಲ ಕಣ್ಣಿಗೆ ಬಿತ್ತು. ಎಂಟು ಸ್ಪೇಸ್ ಹಾಕಿದ್ದೀರಿ, ಟ್ಯಾಬ್ ಹಾಕಬೇಕೆಂದಿದ್ದಿರಾ ಎಂದು ಅದೇ ಕೇಳುತ್ತಿದೆ! ಅಂದರೆ ಅದಕ್ಕೆ ಗೊತ್ತು. ಎಷ್ಟು ಸ್ಪೇಸ್ ಎಂದು ಎಣಿಸಿದೆ, ನನ್ನ ಮನಸ್ಸಿನಲ್ಲಿದ್ದದ್ದೇನೆಂದು ಊಹಿಸಿದೆ, ಊಹೆ ಸರಿಯಾಗಿಯೂ ಇದೆ. ಆದರೂ ಮಾಡುವುದಿಲ್ಲ. ಅರ್ಜಿಯಲ್ಲಿ ಬಿಟ್ಟುಹೋದ ತಂದೆಯ ಹೆಸರನ್ನು ತಾನೇ ಬಾಯಲ್ಲಿ ಹೇಳಿ, ‘ಬರೆದುಕೊಂಡು ನಾಳೆ ಬನ್ನಿ’ ಎಂದು ಕಿಟಕಿ ಮುಚ್ಚುವ ಗುಮಾಸ್ತನಿಗೆ ನಾನು ಕೈಮುಗಿದೆ. ಟ್ಯಾಬ್ ಒತ್ತಿದೆ. ಎಡಿಟರು ಅದನ್ನು ಸ್ಪೇಸುಗಳಾಗಿ ಬದಲಾಯಿಸಿತು. ಮತ್ತೆ ಅದೇ ಕಿಟಕಿ, ಅದೇ ಪ್ರಶ್ನೆ, ಅದೇ ವಿನಯ.

ಮೇಕ್ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಬರೆದವರು ಸ್ಟುವರ್ಟ್ ಫೆಲ್ಡ್‌ಮನ್. ಆಜ್ಞೆಯ ಸಾಲು ಟ್ಯಾಬಿನಿಂದಲೇ ಶುರುವಾಗಬೇಕೆಂಬ ನಿಯಮ ಸರಿಯಿಲ್ಲವೆಂದು ಅವರಿಗೆ ಬೇಗನೇ ಅನ್ನಿಸಿತ್ತಂತೆ. ಆದರೆ ಆ ವೇಳೆಗೆ ಸುಮಾರು ಹನ್ನೆರಡು ಜನ, ಹೆಚ್ಚಿನವರು ಗೆಳೆಯರೇ, ಅದನ್ನು ಬಳಸುತ್ತಿದ್ದರು. ಅವರಿಗೆ ತೊಂದರೆಯಾಗದಿರಲೆಂದು ಹಾಗೇ ಬಿಟ್ಟರು. 2003ರಲ್ಲಿ ಮೇಕ್‌ಗಾಗಿ ಅವರಿಗೆ ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂನ ಪ್ರಶಸ್ತಿಯೂ ಬಂತು, ಬರಬೇಕಾದದ್ದೇ. ಆ ಹನ್ನೆರಡು ಜನರ ನೆಮ್ಮದಿಯ ಕಂತನ್ನು ಮಾತ್ರ ನಾವು ಇನ್ನೂ ಕಟ್ಟುತ್ತಿದ್ದೇವೆ.

ನನಗೇನೋ ಇದು ಚಟ; ಸಂಬಳ ಬರುವ ಕೆಲಸ ಬೇರೆ ಇದೆ. ಹಳೆಯ ಲ್ಯಾಪ್‌ಟಾಪ್ ಹಿಡಿದು, ಡೇಟಾ ಲೆಕ್ಕ ಹಾಕುತ್ತಾ, ನಮ್ಮ ಭಾಷೆಗೆ ಏನಾದರೂ ಮಾಡೋಣವೆಂದು ಬರುವ ಹುಡುಗಿಗೆ ಅಷ್ಟು ಪುರುಸೊತ್ತಿಲ್ಲ. ಆಕೆ ಮೊದಲ ದೋಷಸಂದೇಶಕ್ಕೇ ತಾನು ದಡ್ಡಿ ಎಂದುಕೊಂಡು ಹೊರಟುಹೋಗುತ್ತಾಳೆ. ಕೊಡುಗೆದಾರರ ಪಟ್ಟಿಯಲ್ಲಿ ಬಂದವರ ಹೆಸರಿರುತ್ತದೆ, ಹಿಂದಿರುಗಿದವರ ಲೆಕ್ಕ ಯಾರೂ ಇಡುವುದಿಲ್ಲ. ‘ಎಲ್ಲರಿಗೂ ಸ್ವಾಗತ’ ಎಂದು ಬರೆಯುವ ಮಹನೀಯರೇ, ವರ್ಷಕ್ಕೊಮ್ಮೆ ಖಾಲಿ ಲ್ಯಾಪ್‌ಟಾಪಿನ ಮುಂದೆ ಕೂತು ನಿಮ್ಮದೇ ರೀಡ್‌ಮಿಯನ್ನು ಸಾಲುಸಾಲಾಗಿ ಪಾಲಿಸಿ ನೋಡಿ. ಬಿಲ್ಡ್ ಆಗದಿದ್ದರೆ ಆ ‘ಸರಳ’ ಎಂಬ ಮಾತನ್ನಾದರೂ ಅಳಿಸಿ. ಅದಕ್ಕೆ ಯಾವ ಆವೃತ್ತಿಯ ಸಿಮೇಕೂ ಬೇಕಾಗಿಲ್ಲ.