ಮೊಟಕೀಕರಣ ಮೀಮಾಂಸೆ: ಹಳೆಯ ಸಣ್ಣ ಬೈಕನ್ನು ಬಾಬರ್ ಮಾಡುವ ವಿಧಿಯ ಮೇಲೊಂದು ತಾತ್ತ್ವಿಕ ಟಿಪ್ಪಣಿ

ಒಂದು: ಪೀಠಿಕೆ ಮತ್ತು ಪರಿಭಾಷೆ

ಹಳೆಯ ಸಣ್ಣ ಮೋಟಾರುಸೈಕಲ್ಲೊಂದನ್ನು ಗ್ಯಾರೇಜಿಗೆ ಒಯ್ದು, ಅದರ ಹಿಂದಿನ ಸೀಟು, ಮಡ್‌ಗಾರ್ಡು, ಸೀರೆ ಗಾರ್ಡು, ಸೈಲೆನ್ಸರುಗಳನ್ನು ಗ್ರೈಂಡರಿನಿಂದ ಕೊಯ್ದು, ಉಳಿದದ್ದಕ್ಕೆ ಕಪ್ಪು ಬಣ್ಣ ಹೊಡೆಸಿ ಹೊರತರುವ ಕೆಲಸವನ್ನು ರೂಢಿಯಲ್ಲಿ ಬಾಬರ್ ಮಾಡಿಸುವುದು ಎನ್ನುತ್ತಾರಾದರೂ, ವಿದ್ವತ್ ವಲಯದಲ್ಲಿ ಇಷ್ಟು ಸರಳವಾಗಿ ಮಾತನಾಡಿದವರಿಗೆ ಬಡ್ತಿ ಸಿಕ್ಕ ನಿದರ್ಶನವಿಲ್ಲವಾದ್ದರಿಂದ, ಪ್ರಸ್ತುತ ಪ್ರಬಂಧವು ಅದನ್ನು ‘ಮೊಟಕೀಕರಣ’ ಎಂದು ಕರೆಯುತ್ತದೆ. ಮೊಟಕೀಕರಣವೆಂದರೆ ದ್ವಿಚಕ್ರೀಯ ಪಠ್ಯವೊಂದರ ಪಶ್ಚಾದ್ಭಾಗೀಯ ಆಧಿಕ್ಯವನ್ನು ನಿರಚನೆಗೊಳಪಡಿಸಿ, ಅದರ ಅನನ್ಯತೆಯನ್ನು ಅಭಾವದ ಮೂಲಕ ಮರುಸಂಕಥಿಸುವ ಪ್ರಕ್ರಿಯೆ. ಬಿಡಿಸಿ ಹೇಳುವುದಾದರೆ, ಹಿಂದುಗಡೆ ಕತ್ತರಿಸುವುದು.

ಮೊಟಕೀಕರಣದ ಸುತ್ತ ಈಗಾಗಲೇ ಬೆಳೆದಿರುವ ವಾಙ್ಮಯವು, ಅಂದರೆ ಕಂಪನಿಗಳ ಜಾಹೀರಾತು, ಬೈಕು ವಿಮರ್ಶಕರ ಬರಹ ಹಾಗೂ ವಿಚಾರಸಂಕಿರಣಗಳಲ್ಲಿ ಊಟಕ್ಕೆ ಮುಂಚೆ ಅವಸರದಲ್ಲಿ ಓದಿ ಮುಗಿಸಲಾಗುವ ಪ್ರಬಂಧಗಳು, ಆತ್ಮ, ಸ್ವಾತಂತ್ರ್ಯ, ಪರಂಪರೆ ಎಂಬ ಮೂರು ಪದಗಳ ಮೇಲೆ ನಿಂತಿದೆ. ಈ ವಾಙ್ಮಯದ ಪ್ರಕಾರ ಕಬ್ಬಿಣಕ್ಕೆ ಆತ್ಮವಿದೆ, ಹಿಂದಿನ ಸೀಟಿಲ್ಲದ ಸವಾರನಿಗೆ ಸ್ವಾತಂತ್ರ್ಯವಿದೆ, ಇವೆರಡಕ್ಕೂ ದುಡ್ಡು ಕೊಟ್ಟವನಿಗೆ ಪರಂಪರೆ ಪುಕ್ಕಟೆಯಾಗಿ ದೊರೆಯುತ್ತದೆ. ಕ್ಷೇತ್ರಕಾರ್ಯವಿಲ್ಲದ ಸಂಶೋಧನೆಗೆ ಅನುದಾನವಿಲ್ಲವೆಂಬ ನಿಯಮಕ್ಕೆ ತಲೆಬಾಗಿ, ಇವುಗಳ ಪರೀಕ್ಷೆಗೆ ಎರಡು ಕ್ಷೇತ್ರಗಳನ್ನು ಆರಿಸಿಕೊಳ್ಳಲಾಗಿದೆ: ಒಂದು ಕಾಲಕ್ಕೆ ಬೈಕುಗಳು ಹುಟ್ಟುತ್ತಿದ್ದ ಮೈಸೂರಿನ ಯಾದವಗಿರಿ, ಮತ್ತು ಬೈಕನ್ನು ಎತ್ತಿನಂತೆ ದುಡಿಸಿಕೊಳ್ಳುವ, ತಮಿಳುನಾಡಿನ ತೇನಿ ಜಿಲ್ಲೆಯ ಓಡೈಪಟ್ಟಿ.

ಎರಡು: ಐತಿಹಾಸಿಕ ಹಿನ್ನೆಲೆ

ಮೊಟಕೀಕರಣದ ಮೂಲ ಅಮೆರಿಕದಲ್ಲಿದೆ. 1930ರ ದಶಕದಲ್ಲಿ, ಅಂಗಡಿಯಲ್ಲಿ ಮಾರುವಂಥದೇ ಬೈಕುಗಳನ್ನು ಓಡಿಸಬೇಕಾದ ಪಂದ್ಯಗಳು ಜನಪ್ರಿಯವಾದಾಗ, ಸವಾರರು ತೂಕ ಇಳಿಸಲು ಮುಂದಿನ ಮಡ್‌ಗಾರ್ಡನ್ನು ಬಿಚ್ಚಿಹಾಕಿ ಹಿಂದಿನದನ್ನು ಗಿಡ್ಡ ಮಾಡಿಕೊಂಡರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಸೇನೆಯಲ್ಲಿ ಉಳಿದ ಬೈಕುಗಳು ಅಗ್ಗಕ್ಕೆ ಸಿಕ್ಕಾಗ, ಊರಿಗೆ ಮರಳಿದ ಸೈನಿಕರು ಇದೇ ಪದ್ಧತಿಯನ್ನು ಬೀದಿಗೆ ತಂದರು. ಬಾಬರಿಗೂ ಅದರ ದಾಯಾದಿಯಾದ ಚಾಪರಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು: ಚಾಪರಿನಲ್ಲಿ ಚಾಸಿಯ ಕೊರಳನ್ನೇ ಕೊಯ್ದು ಮುಂದಿನ ಫೋರ್ಕನ್ನು ಮುಂದಕ್ಕೆ ಚಾಚಿಸಲಾಗುತ್ತದೆ, ಬಾಬರಿನಲ್ಲಿ ಮೂಲ ಚಾಸಿಗೆ ಕೈಹಾಕದೆ, ಬೇಡವಾದದ್ದನ್ನು ಮಾತ್ರ ತೆಗೆಯಲಾಗುತ್ತದೆ. ಅಂದರೆ ಆ ಕಾಲದ ಕತ್ತರಿಗೆ ವೇಗವೆಂಬ ಕಾರಣವಿತ್ತು ಮತ್ತು ಅದನ್ನು ವಿವರಿಸಲು ಯಾರೂ ‘ಪಶ್ಚಾದ್ಭಾಗೀಯ’ ಎಂಬ ಪದವನ್ನು ಬಳಸಲಿಲ್ಲ.

ಇಂದಿನ ಮೊಟಕೀಕರಣವು ಈ ದೌರ್ಬಲ್ಯದಿಂದ ಮುಕ್ತವಾಗಿದೆ. ಇಲ್ಲಿ ಮಡ್‌ಗಾರ್ಡು ಕತ್ತರಿಸಿ ಇಳಿಸಿದ ತೂಕವನ್ನು ಅದಕ್ಕಿಂತ ಭಾರವಾದ ದಪ್ಪ ಟೈರು ಹಾಕಿಸಿ ತುಂಬಿಕೊಡಲಾಗುತ್ತದೆ. ನೂರು ಸಿಸಿಯ ಎಂಜಿನ್ನು ಆ ಟೈರನ್ನು ಉರುಳಿಸಲಾಗದೆ ಏದುಸಿರು ಬಿಡುವುದನ್ನೇ ಆತ್ಮದ ಧ್ವನಿಯೆಂದು ವಿಮರ್ಶಕರು ಗುರುತಿಸಿರುತ್ತಾರೆ.

ಮೂರು: ಛೇದಗಳ ವರ್ಗೀಕರಣ

ಮೊಟಕೀಕರಣದ ಛೇದಗಳು ಮುಖ್ಯವಾಗಿ ಏಳು. ಪ್ರತಿಯೊಂದಕ್ಕೂ ಸ್ಥೂಲ, ಸೂಕ್ಷ್ಮ ಎಂಬ ಎರಡೆರಡು ಪ್ರಭೇದಗಳಿದ್ದು ಒಟ್ಟು ಹದಿನಾಲ್ಕಾಗುತ್ತವೆ.

ಮೊದಲನೆಯದು ಆಸನಚ್ಛೇದ. ಇಬ್ಬರು ಕೂರುವ ಉದ್ದ ಸೀಟನ್ನು ತೆಗೆದು, ಹಳೆಯ ಸೈಕಲ್ಲಿನದನ್ನು ಹೋಲುವ, ಕೆಳಗೆ ಎರಡು ಸ್ಪ್ರಿಂಗುಗಳಿರುವ ಒಂಟಿ ಸೀಟನ್ನು ಕೂರಿಸುವುದು, ಮತ್ತು ಹಿಂದಿನ ಚಾಸಿಯ ತುದಿಯನ್ನು ಕೊಯ್ದು ಬಾಗಿಸಿದ ಪೈಪನ್ನು ವೆಲ್ಡ್ ಮಾಡುವುದು ಇದರ ಲಕ್ಷಣ. ಇದರ ಅಂಗವಾಗಿ ಹಿಂದೆ ಕೂತವರ ಕೈಹಿಡಿ, ಫುಟ್‌ರೆಸ್ಟು ಮತ್ತು ಸೀರೆ ಗಾರ್ಡು ಹೋಗುತ್ತವೆ. ಸೀರೆ ಗಾರ್ಡೆಂದರೆ ಸೆರಗೋ ದುಪಟ್ಟಾವೋ ಚಕ್ರಕ್ಕೆ ಸಿಕ್ಕದಂತೆ ತಡೆಯುವ ಕಬ್ಬಿಣದ ಜಾಲರಿ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು ಹಿಂದೆ ಇನ್ನೊಬ್ಬರು ಕೂರಲು ಅವಕಾಶವಿರುವ ಬೈಕುಗಳಿಗೆ ಈ ಮೂರನ್ನೂ ಕಡ್ಡಾಯ ಮಾಡಿದೆಯಲ್ಲದೆ, ಗಾರ್ಡು ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಮುಚ್ಚಬೇಕೆಂದು ಹೇಳಿದೆ.

ಎರಡನೆಯದು ಪಂಕನಿವಾರಕಚ್ಛೇದ. ಪಂಕನಿವಾರಕವೆಂದರೆ ಮಡ್‌ಗಾರ್ಡು. ಮುಂದಿನದು ಹೋದರೆ ಕೆಸರು ಎಂಜಿನ್ನಿಗೂ ಸವಾರನ ಮುಖಕ್ಕೂ ಸಿಡಿಯುವುದಾದ್ದರಿಂದ ಅದನ್ನು ಸ್ವಾನುಭವವೆನ್ನಬಹುದು. ಹಿಂದಿನದು ಹೋದರೆ ಸವಾರನ ಬೆನ್ನಿಗೆ ಬಡಿದು ಮಿಕ್ಕ ಕೆಸರೆಲ್ಲ ಹಿಂದೆ ಬರುತ್ತಿರುವವರ ಪಾಲಿಗೆ ಹೋಗುತ್ತದೆ.

ಮೂರನೆಯದು ನಾದವಿಮೋಚನೆ, ಅಂದರೆ ಸೈಲೆನ್ಸರಿನ ಛೇದ. ಇದರ ಭೌತಶಾಸ್ತ್ರವನ್ನು ಸ್ವಲ್ಪ ವಿವರಿಸಬೇಕು. ಯಮಹಾ ಆರ್‌ಎಕ್ಸ್ 100, ಮೈಸೂರಿನ ಯೆಜ್ಡಿ ಮೊದಲಾದ ಎರಡು ಸ್ಟ್ರೋಕಿನ ಬೈಕುಗಳಲ್ಲಿ ಹೊಗೆ ಹೊರಗೆ ಹೋಗುತ್ತಿರುವಾಗಲೇ ಹೊಸ ಮಿಶ್ರಣ ಸಿಲಿಂಡರಿನೊಳಕ್ಕೆ ಬರುತ್ತದೆ. ಅದರಲ್ಲೊಂದು ಪಾಲು ಸುಡದೆಯೇ ಹೊರಕ್ಕೆ ಜಾರಲು ನೋಡಿದಾಗ, ಸೈಲೆನ್ಸರಿನ ಉದ್ದ ಮತ್ತು ಒಳರಚನೆಯಿಂದ ಹಿಂದಿರುಗುವ ಒತ್ತಡದ ಅಲೆಯೊಂದು ಅದನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಸೈಲೆನ್ಸರನ್ನು ಕೊಯ್ದರೆ ಈ ಲೆಕ್ಕ ತಪ್ಪಿ, ಬೈಕಿನ ಎಳೆತ ಕುಗ್ಗುತ್ತದೆ, ಪೆಟ್ರೋಲು ಖರ್ಚು ಏರುತ್ತದೆ. ಜೊತೆಗೆ ಏರ್ ಫಿಲ್ಟರಿನ ಡಬ್ಬಿಯನ್ನೂ ಕಿತ್ತುಹಾಕಿ, ಕಾರ್ಬುರೇಟರಿಗೆ ದೊಡ್ಡ ಜೆಟ್ ಹಾಕದೆ ಬಿಟ್ಟರೆ, ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾಗಿ ಎಂಜಿನ್ನು ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ವೇಗಕ್ಕಾಗಿ ಮಾಡಿದ ಕತ್ತರಿ ವೇಗವನ್ನೇ ತಿನ್ನುತ್ತದೆ, ಉಳಿಯುವುದು ಸದ್ದೊಂದೇ. ಆ ಸದ್ದು ಸವಾರನಿಗೆ ಹತ್ತು ನಿಮಿಷದ ಸಂಗೀತ, ಬೀದಿಗೆ ಮಾತ್ರ ನಡುರಾತ್ರಿಯ ಬೆಚ್ಚುವಿಕೆ. ಆಗತಾನೆ ನಿದ್ದೆ ಹತ್ತಿದ ಕೂಸು, ಬೆಳಗಾದರೆ ಪರೀಕ್ಷೆ ಬರೆಯಬೇಕಾದ ಹುಡುಗಿ, ಹೃದಯದ ಆಪರೇಷನ್ ಮಾಡಿಸಿಕೊಂಡು ಬಂದು ಮಲಗಿರುವ ಅಜ್ಜ, ಇವರಾರೂ ಆತ್ಮದ ಧ್ವನಿಗಾಗಿ ಅರ್ಜಿ ಹಾಕಿದವರಲ್ಲ.

ನಾಲ್ಕನೆಯದಾದ ಸೂಚಕದೀಪಚ್ಛೇದದಿಂದ ಏಳನೆಯದಾದ ಕಠಿಣಪುಚ್ಛದವರೆಗೆ, ಅಂದರೆ ಇಂಡಿಕೇಟರು ಕೀಳುವುದರಿಂದ ಹಿಡಿದು ಹಿಂದಿನ ಶಾಕ್ ಅಬ್ಸಾರ್ಬರುಗಳ ಜಾಗಕ್ಕೆ ಬರೀ ಸಲಾಕೆ ವೆಲ್ಡ್ ಮಾಡುವುದರವರೆಗೆ, ಇನ್ನೂ ನಾಲ್ಕು ವರ್ಗಗಳೂ ಎಂಟು ಪ್ರಭೇದಗಳೂ ಬಾಕಿ ಇವೆಯಾದರೂ, ಅವುಗಳನ್ನು ವಿವರಿಸುವ ಅಗತ್ಯವಿಲ್ಲ. ಏಕೆಂದರೆ ಪಟ್ಟಿ ಎಷ್ಟು ಉದ್ದವಾದರೂ ಸಂಗತಿ ಒಂದೇ. ಹಿಂದಿನ ಸೀಟು ಇನ್ನೊಬ್ಬರದು. ಸೀರೆ ಗಾರ್ಡು ಸೀರೆ ಉಟ್ಟವರದು. ಹಿಂದಿನ ಮಡ್‌ಗಾರ್ಡು ಹಿಂದೆ ಬರುವವರದು, ಇಂಡಿಕೇಟರೂ ಅವರದೇ. ಸೈಲೆನ್ಸರು ಬೀದಿಯದು. ಬೈಕಿನಲ್ಲಿ ಬೇರೆಯವರಿಗೆಂದು ಇಟ್ಟಿದ್ದ ಒಂದೊಂದು ಪಾಲನ್ನೂ ಹುಡುಕಿ ಹುಡುಕಿ ಕೊಯ್ದು, ಟ್ಯಾಂಕು, ಹ್ಯಾಂಡಲ್ಲು ಮತ್ತು ತನ್ನ ಕುಂಡೆಗೆ ಸಾಕಾಗುವಷ್ಟು ಜಾಗವನ್ನು ಉಳಿಸಿಕೊಳ್ಳುವುದಕ್ಕೆ ‘ಸ್ವಾತಂತ್ರ್ಯ’ವೆಂಬ ಹೆಸರನ್ನು ಇಟ್ಟವರು ಯಾರೋ ಅವರಿಗೆ ನಾಚಿಕೆಯಾಗಬೇಕು.

ಪ್ರಬಂಧದ ಗಾಂಭೀರ್ಯಕ್ಕೆ ಮೇಲಿನ ವಾಕ್ಯದಿಂದ ಕುಂದುಂಟಾಗಿರುವುದರಿಂದ, ಈಗ ಕ್ಷೇತ್ರಕ್ಕೆ ತೆರಳಬಹುದು.

ನಾಲ್ಕು: ಓಡೈಪಟ್ಟಿ ಕ್ಷೇತ್ರ

ಓಡೈಪಟ್ಟಿಯು ಪಶ್ಚಿಮಘಟ್ಟಗಳ ಬುಡದ ಕಂಬಂ ಕಣಿವೆಯ ದ್ರಾಕ್ಷಿ ಸೀಮೆಗೆ ಸೇರಿದ ಊರು. 1895ರಲ್ಲಿ ಪೂರ್ಣಗೊಂಡ ಮುಲ್ಲೈಪೆರಿಯಾರ್ ಅಣೆಕಟ್ಟೆಯಿಂದ ಬೆಟ್ಟ ಕೊರೆದು ಹರಿಸಿದ ನೀರು ಈ ಕಣಿವೆಯನ್ನು ಹಸಿರಾಗಿಸಿದ್ದು, ಇಲ್ಲಿ ಚಪ್ಪರಕ್ಕೆ ಹಬ್ಬಿಸಿ ಬೆಳೆಯುವ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕಾಪಿಲಿಯರ್ ಸಮುದಾಯವೂ ತಲೆಮಾರುಗಳಿಂದ ಇದೇ ಕಣಿವೆಯಲ್ಲಿದೆ. ವಿದ್ವಾಂಸರು ಅವರ ಅನನ್ಯತೆಯನ್ನು ಹುಡುಕಿಕೊಂಡು ಹೋದರೆ, ಅವರು ಈ ಸಲ ದ್ರಾಕ್ಷಿಗೆ ಏನು ರೇಟು ಎಂಬ ಮಾತಿಗೆ ಇಳಿದು ಸಿದ್ಧಾಂತಕ್ಕೆ ಅಡ್ಡಿಪಡಿಸುವ ಸಂಭವವಿದೆ.

ಈ ಸೀಮೆಯ ಬೈಕುಗಳಲ್ಲಿ ಮೊಟಕೀಕರಣಕ್ಕೆ ತದ್ವಿರುದ್ಧವಾದ ಪದ್ಧತಿಯೊಂದು ಪ್ರಚಲಿತವಿದ್ದು, ಅದನ್ನು ‘ಪೂರಣ’ವೆನ್ನಬಹುದು. ಟಿವಿಎಸ್ ಎಕ್ಸ್‌ಎಲ್ ಮೊಪೆಡ್ಡಿನ ಹಿಂದಿನ ಸೀಟನ್ನು ಬಿಚ್ಚಿ ಅಲ್ಲಿ ಕಬ್ಬಿಣದ ಪಟ್ಟಿಯ ಕ್ಯಾರಿಯರ್ ಹಾಕಿಸಿ, ಅದರ ಮೇಲೆ ಪ್ಲಾಸ್ಟಿಕ್ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ, ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿದ ರಬ್ಬರಿನಿಂದ ಬಿಗಿದು, ಹ್ಯಾಂಡಲ್ಲಿಗೂ ಸೀಟಿಗೂ ನಡುವಿನ ಖಾಲಿ ಜಾಗದಲ್ಲಿ ಗೊಬ್ಬರದ ಮೂಟೆಯನ್ನೋ ಮಗುವನ್ನೋ ನಿಲ್ಲಿಸಿಕೊಂಡು ಹೋಗುವುದು ಈ ಪದ್ಧತಿಯ ಶಿಖರ. ಇಲ್ಲಿಯೂ ಸೀಟು ಹೋಗಿದೆ ಎಂದು ಆಕ್ಷೇಪಿಸಬಹುದಾದರೂ, ಅದು ಹೋದದ್ದು ಇನ್ನೊಂದಷ್ಟು ಹೊರೆಯನ್ನು ಹೇರುವುದಕ್ಕೆ. ಕಠಿಣಪುಚ್ಛದ ಬಾಬರಿನಲ್ಲಿ ಇದೇ ಹೊರೆಯನ್ನು ಸಾಗಿಸಿದರೆ ಮಾರುಕಟ್ಟೆ ಮುಟ್ಟುವ ಹೊತ್ತಿಗೆ ದ್ರಾಕ್ಷಿಯೆಲ್ಲ ರಸವಾಗಿರುತ್ತದೆ. ಇದೇ ಕಣಿವೆಯಿಂದ ಕುಮುಳಿ, ಕಂಬಂಮೆಟ್ಟು ಘಾಟಿಗಳನ್ನು ಹತ್ತಿ ಕೇರಳದ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುವ ಹೆಂಗಸರ ಜೀಪುಗಳಲ್ಲಿ, ಇನ್ನೊಬ್ಬಳು ಬಂದರೆ ಒತ್ತರಿಸಿಕೊಂಡು ಜಾಗ ಮಾಡುವುದೇ ವಾಹನಶಾಸ್ತ್ರ. ಅದು ಅಪಾಯದ ಪ್ರಯಾಣವೆಂಬುದು ನಿಜ, ಬಡತನದ ಪ್ರಯಾಣವೆಂಬುದೂ ನಿಜ; ಒಂಟಿ ಸೀಟಿನ ತತ್ತ್ವಜ್ಞಾನಿಯು ತನ್ನ ಏಕಾಂತದ ಮಹಿಮೆಯನ್ನು ಆ ಜೀಪಿನೊಳಗೆ ಕೂತು ಬೋಧಿಸಲಿ ಎಂದಷ್ಟೇ ಪ್ರಬಂಧದ ಶಿಫಾರಸು.

ಐದು: ಯಾದವಗಿರಿ ಕ್ಷೇತ್ರ, ಅಥವಾ ಪರಂಪರೆ

ಐಡಿಯಲ್ ಜಾವಾ ಕಂಪನಿಯು ಚೆಕೊಸ್ಲೊವಾಕಿಯಾದ ಪರವಾನಗಿ ಪಡೆದು 1961ರಲ್ಲಿ ಮೈಸೂರಿನಲ್ಲಿ ಬೈಕು ತಯಾರಿಸಲಾರಂಭಿಸಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಸಿದ್ಧಾಂತಿಗಳು ಹೇಳುವ ಮಿತವ್ಯಯ ಈ ಬೈಕಿನಲ್ಲಿ ಮೊದಲಿಂದಲೂ ಇತ್ತು: ಅದರ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲೆತ್ತಿ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತಿತ್ತು, ಎಂಜಿನ್ನು ಹತ್ತಿಕೊಂಡ ಮೇಲೆ ಕೆಳಗಿಳಿಸಿದರೆ ಮತ್ತೆ ಗೇರು. ಒಂದು ಲಿವರಿನಿಂದ ಎರಡು ಕೆಲಸ ತೆಗೆದ ಆ ಬುದ್ಧಿಗೆ ಯಾವ ಮೀಮಾಂಸೆಯೂ ಬೇಕಾಗಿರಲಿಲ್ಲ.

2018ರಲ್ಲಿ ಹೊಸ ಕಂಪನಿಯೊಂದರ ಮೂಲಕ ಜಾವಾ ಹೆಸರು ಭಾರತಕ್ಕೆ ಮರಳಿತು, ಮತ್ತು 2019ರ ನವೆಂಬರಿನಲ್ಲಿ ಕಾರ್ಖಾನೆಯಿಂದಲೇ ಮೊಟಕಾಗಿ ಬರುವ, 334 ಸಿಸಿಯ, ಒಂಟಿ ಸೀಟಿನ ಪೆರಾಕ್ ಬಾಬರ್ ಸುಮಾರು 1.94 ಲಕ್ಷ ರೂಪಾಯಿಗೆ ಮಾರುಕಟ್ಟೆಗೆ ಬಂತು. ಅದು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ಬಂತು, ಆಕಾರ ಬಂತು. ಯಾದವಗಿರಿಯ ಪಾಳಿ ಬರಲಿಲ್ಲ. ಪರಂಪರೆಯೆಂಬ ಪದದಲ್ಲಿ ಲೇತಿನ ಮುಂದೆ ನಿಂತವರಿಗೆ ಪಾಲಿಲ್ಲವೆಂಬುದನ್ನು ಇದಕ್ಕಿಂತ ಅಚ್ಚುಕಟ್ಟಾಗಿ ತೋರಿಸುವ ನಿದರ್ಶನ ಸಿಗಲಾರದು.

ಹೊಸದಾಗಿ ಹುಟ್ಟುವ ಬಾಬರಿನಿಂದ ಯಾರ ಗಂಟೂ ಹೋಗುವುದಿಲ್ಲ. ಆದರೆ 1996ರ ನಂತರ ಮೈಸೂರಿನಲ್ಲಿ ಒಂದೇ ಒಂದು ಹಳೆಯ ಯೆಜ್ಡಿಯೂ ಹುಟ್ಟಿಲ್ಲ, ಇನ್ನು ಹುಟ್ಟುವುದೂ ಇಲ್ಲ. ಈಗ ಓಡುತ್ತಿರುವವು ಗುಜರಿ ಅಂಗಡಿಗಳಲ್ಲಿ ಬಿಡಿಭಾಗ ಹುಡುಕಿ, ಇಲ್ಲದ್ದನ್ನು ಲೇತಿನಲ್ಲಿ ಕಡೆಯಿಸಿ, ಸಿಲಿಂಡರಿಗೆ ಮತ್ತೆ ಮತ್ತೆ ಬೋರ್ ಮಾಡಿಸಿ ಮುದುಕ ಮೆಕ್ಯಾನಿಕ್ಕುಗಳು ಉಳಿಸಿಕೊಟ್ಟವು. ಅಂಥದೊಂದರ ಹಿಂಭಾಗವನ್ನು ಗ್ರೈಂಡರಿನಿಂದ ಕೊಯ್ದು, ಆ ತಗಡನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿ, ಪರಂಪರೆಗೆ ಗೌರವ ಸಲ್ಲಿಸಲಾಯಿತು ಎಂದು ಬರೆದುಕೊಳ್ಳುವುದನ್ನು ಅಣಕಿಸಲು ಪದಗಳಿಲ್ಲ. ಅದು ತನ್ನನ್ನು ತಾನೇ ಅಣಕಿಸಿಕೊಂಡಿರುತ್ತದೆ.

ಆರು: ವಿಧಿನಿಷೇಧಗಳು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ನಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಆಗಬಹುದು. ಮೇಲೆ ಕೈಬಿಟ್ಟ ವರ್ಗೀಕರಣವನ್ನು ಪೂರ್ತಿ ಮಾಡಲಿಚ್ಛಿಸುವ ಸಂಶೋಧಕರು ಏಳು ಛೇದಗಳನ್ನು ಐದು ಸಾವಿರದಿಂದ ಗುಣಿಸಿಕೊಳ್ಳಬಹುದು.

ಮೊಟಕು ಮಾಡಲೇಬೇಕೆಂಬ ಹಟವಿದ್ದವರಿಗೆ, ಕಾನೂನಿನ ಮಾತನ್ನು ಅವರೇ ಆರ್‌ಟಿಒ ಕಚೇರಿಯಲ್ಲಿ ಬಗೆಹರಿಸಿಕೊಳ್ಳಲಿ ಎಂದು ಬಿಟ್ಟು, ಪ್ರಬಂಧವು ಇಷ್ಟನ್ನು ವಿಧಿಸುತ್ತದೆ. ಗ್ರೈಂಡರನ್ನು ಮುಟ್ಟದೆ ಸ್ಪ್ಯಾನರಿನಲ್ಲಿ ಮುಗಿಯುವಷ್ಟನ್ನೇ ಮಾಡುವುದು. ಸೀಟು, ಮಡ್‌ಗಾರ್ಡು, ಸೀರೆ ಗಾರ್ಡುಗಳಿಗೆ ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಡುವುದು. ಸೈಲೆನ್ಸರಿನ ತಂಟೆಗೆ ಹೋಗದಿರುವುದು. ಮುಂದೆಂದಾದರೂ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದ ದಿನ ನಾಲ್ಕು ಬೋಲ್ಟು ಬಿಗಿದು ಸೀಟನ್ನು ಮತ್ತೆ ಕೂರಿಸಬಹುದು. ಚಾಸಿಯನ್ನೇ ಕೊಯ್ದವರು ಆ ದಿನ ಆಟೋ ಕರೆಯಬೇಕು, ಮತ್ತು ಹಿಂದಿನ ಸೀಟಿನಲ್ಲಿ ತಾಯಿಯ ಪಕ್ಕಕ್ಕೆ ಕೂತು, ಆಟೋದವನು ಕೇಳಿದಷ್ಟು ಕೊಡಬೇಕು.